ದೋಣಿಯ ಎಂಜಿನ್ ಯಾಕೆ ಕಾಯುತ್ತದೆ?

ಗಂಗೊಳ್ಳಿಯಲ್ಲೋ ಮರವಂತೆಯಲ್ಲೋ ನಾಡದೋಣಿ ಕಡಲಿಗೆ ಇಳಿಯುವಾಗ ಹತ್ತಿರ ನಿಂತು ನೋಡಬೇಕು. ಹಗ್ಗ ಎಳೆದು ಎಂಜಿನ್ ಚಾಲೂ ಮಾಡಿದವರ ಕಣ್ಣು ಮೊದಲು ಹೋಗುವುದು ಎಂಜಿನ್ನಿನ ಬೆನ್ನಿಗೆ. ಅಲ್ಲೊಂದು ಸಣ್ಣ ತೂತು. ಅದರಿಂದ ನೀರು ಪೆನ್ಸಿಲಿನಷ್ಟಾದರೂ ದಪ್ಪಗೆ, ಕಡಿಯದೆ ಚಿಮ್ಮುತ್ತಿರಬೇಕು. "ನೀರ್ ಬತ್ತಾ ಇತ್ತಾ?" ಎಂದು ದೋಣಿಯ ಆ ತುದಿಯಿಂದ ಒಬ್ಬರು ಕೇಳುತ್ತಾರೆ. "ಬತ್ತಾ ಇತ್ತ್" ಎಂದು ಉತ್ತರ ಬಂದರೆ ಮಾತ್ರ ದೋಣಿ ಅಳಿವೆಯ ಕಡೆ ತಿರುಗುತ್ತದೆ. ಬರುತ್ತಿಲ್ಲವೆಂದರೆ ಅವತ್ತಿನ ಕಸುಬು ದಡದಲ್ಲೇ ಮುಗಿಯಿತು.

ಔಟ್‌ಬೋರ್ಡ್ ಎಂಜಿನ್ ಎಂದರೆ ದೋಣಿಯ ಹೊರಮೈಗೆ ಕಚ್ಚಿಸಿ ಕೂರಿಸುವ ಎಂಜಿನ್. ಮೇಲೆ ಎಂಜಿನ್, ನಡುವೆ ಉದ್ದನೆಯ ಕಾಲು, ನೀರಿನೊಳಗೆ ಗೇರು ಮತ್ತು ಕರಾವಳಿಯವರು ಫ್ಯಾನ್ ಎಂದೇ ಕರೆಯುವ ಪ್ರೊಪೆಲ್ಲರ್. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರಾಟದ ಸರಕಾಗಿಸಿದ. ನಮ್ಮ ಕರಾವಳಿಯ ನಾಡದೋಣಿಗಳಿಗೆ ಇದು ವ್ಯಾಪಕವಾಗಿ ಹತ್ತಿದ್ದು 1980ರ ದಶಕದಿಂದೀಚೆಗೆ. ಹುಟ್ಟು ಹಾಕುವ ತೋಳುಗಳಿಗೆ ಬಿಡುವು ಸಿಕ್ಕಿತು. ಬದಲಿಗೆ ಸೀಮೆಎಣ್ಣೆ, ಸ್ಪಾರ್ಕ್ ಪ್ಲಗ್, ರಬ್ಬರ್, ಉಪ್ಪು ಎಂಬ ಹೊಸ ಚಿಂತೆಗಳು ಹೆಗಲೇರಿದವು.

ಇನ್ನೊಂದು ಸಂಗತಿಯನ್ನು ಘಟ್ಟದ ಮೇಲಿನವರು ಗಮನಿಸಿರುವುದಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಟ್ರಾಲರು, ಪರ್ಸೀನು ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಕಡಲಿಗಿಳಿಯಲು ಅನುಮತಿ ಇರುವುದು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ. ಅಂದರೆ ವರ್ಷದ ಅತಿ ಒರಟಾದ ಕಡಲಿಗೆ ಹೋಗುವುದು ಎಲ್ಲಕ್ಕಿಂತ ಸಣ್ಣ ಎಂಜಿನ್. ಅದೂ ಎಂಥ ನೀರಿನಲ್ಲಿ? ಗಂಗೊಳ್ಳಿಯ ಅಳಿವೆಗೆ ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ಹೊಳೆಗಳು ಬಂದು ಬೀಳುತ್ತವೆ. ಆ ಊರಿನ ಹೊಳೆಗೆ ಪಂಚಗಂಗಾವಳಿ ಎಂಬ ಹೆಸರು ಬಂದದ್ದೇ ಹಾಗೆ. ಜುಲೈಯಲ್ಲಿ ಅವು ಘಟ್ಟದ ಕೆಮ್ಮಣ್ಣು, ಎಲೆ, ಕಡ್ಡಿ, ಪೇಟೆಯ ಪ್ಲಾಸ್ಟಿಕ್ ಎಲ್ಲವನ್ನೂ ತಂದು ಸುರಿಯುತ್ತವೆ. ಎಂಜಿನ್ ತನ್ನನ್ನು ತಂಪು ಮಾಡಿಕೊಳ್ಳಲು ಕುಡಿಯಬೇಕಾದ್ದು ಈ ನೀರನ್ನೇ.

ಅಳಿವೆಯಲ್ಲಿ ಎಂಜಿನ್ ನಿಂತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 2020ರ ಆಗಸ್ಟಿನಲ್ಲಿ ಬೈಂದೂರು ಬಳಿಯ ಕೊಡೇರಿಯಲ್ಲಿ ನಾಡದೋಣಿ ಅಲೆಗೆ ಸಿಕ್ಕಿ ಮಗುಚಿ ನಾಲ್ವರು ಮೀನುಗಾರರು ತೀರಿಕೊಂಡರು. ಆ ದುರಂತವನ್ನು ಎಂಜಿನ್ನಿನ ಲೆಕ್ಕಕ್ಕೆ ಬರೆಯುತ್ತಿಲ್ಲ. ಎಲ್ಲ ಸರಿಯಿದ್ದಾಗಲೂ ಅಂಥ ಜಾಗ ಎಷ್ಟು ಕಷ್ಟದ್ದೆಂದು ನೆನಪಿಸುತ್ತಿದ್ದೇನೆ, ಅಷ್ಟೆ.

ಇಷ್ಟೆಲ್ಲ ಬರೆಯುತ್ತಿರುವ ನಾನಿರುವುದು ನಂದಿನಿ ಲೇಔಟ್‌ನಲ್ಲಿ. ಕಡಲು ಇಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು. ಜರಕಬಂಡೆ ಕಾವಲ್ ಎಂಬ ಹೆಸರನ್ನು ವಿಳಾಸದಲ್ಲಿ ಇನ್ನೂ ಉಳಿಸಿಕೊಂಡಿರುವ ಬಡಾವಣೆ. ಒಂದು ಕಡೆ ರಿಂಗ್ ರೋಡು, ಅದರಾಚೆ ಪೀಣ್ಯ. ದೋಣಿ ನೋಡಬೇಕೆಂದರೆ ಸ್ಯಾಂಕಿ ಕೆರೆಗೆ ಹೋಗಬೇಕು. ಆದರೆ ಆ ನಾಡದೋಣಿಗಳಲ್ಲಿರುವಂಥ ಟೂ ಸ್ಟ್ರೋಕ್ ಎಂಜಿನ್ನಿನ ವಿಷಯದಲ್ಲಿ ಈ ಪಶ್ಚಿಮ ಬೆಂಗಳೂರು ಯಾವ ಬಂದರಿಗೂ ಕಡಿಮೆಯಿಲ್ಲ. 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಮತ್ತು ಮೈಸೂರಿನ ಯೆಜ್ಡಿಗಳನ್ನು ಇವತ್ತಿಗೂ ಉಸಿರಾಡಿಸುತ್ತಿರುವ ಮೆಕ್ಯಾನಿಕ್‌ಗಳು ರಾಜಾಜಿನಗರದಿಂದ ಲಗ್ಗೆರೆಯವರೆಗೆ ಇದ್ದಾರೆ. ಅಂಥ ಒಬ್ಬರ ಅಂಗಡಿಗೆ ಒಂದು ಮಳೆಗಾಲಕ್ಕೆ ಮುಂಚೆ ಕುಂದಾಪುರ ಕಡೆಯಿಂದ 8 ಎಚ್‌ಪಿಯ ಸೀಮೆಎಣ್ಣೆ ಎಂಜಿನ್ ಒಂದು ಬಂತು. ತಂದವರು ಇಲ್ಲೇ ಹೋಟೆಲ್ ನಡೆಸುವವರು. ಎಂಜಿನ್ ಊರಿನಲ್ಲಿರುವ ಅವರ ತಮ್ಮನದು. ಅಲ್ಲಿ ಇಬ್ಬರು ಕೈ ಹಾಕಿ ಬಿಟ್ಟಿದ್ದರಂತೆ.

ಕವಚ ತೆಗೆದು ನೋಡಿದ ನಮ್ಮ ಮೆಕ್ಯಾನಿಕ್ ನಕ್ಕರು. "ಸಾರ್, ಇದು ನಮ್ಮ ಆರ್‌ಎಕ್ಸ್ ಜಾತಿಯೇ. ಫಿನ್ಸ್ ಒಂದಿಲ್ಲ."

ಇಡೀ ಕಾಯಿಲೆಯ ಬೇರು ಆ ಮಾತಿನಲ್ಲೇ ಇತ್ತು. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಫ್ಯಾನ್ ತಿರುಗಿಸುತ್ತದೆ. ಉಳಿದದ್ದರಲ್ಲಿ ಬಹುಪಾಲು ಶಾಖ. ಬೈಕಿನ ಸಿಲಿಂಡರಿನ ಸುತ್ತ ಅಲ್ಯೂಮಿನಿಯಂ ಫಿನ್‌ಗಳಿರುತ್ತವೆ, ಓಡುವಾಗ ಗಾಳಿ ಬಂದು ಶಾಖ ಒಯ್ಯುತ್ತದೆ. ಕಾರಿಗೆ ರೇಡಿಯೇಟರ್ ಇದೆ, ಒಳಗಿನ ನೀರೇ ಸುತ್ತುತ್ತಿರುತ್ತದೆ. ಸಾಮಾನ್ಯ ಔಟ್‌ಬೋರ್ಡ್‌ಗೆ ಎರಡೂ ಇಲ್ಲ. ಅದು ಕಾಲಿನ ಕೆಳಗಿರುವ ಜಾಲರಿಯಿಂದ ಹೊಸ ನೀರು ಹೀರಿ, ಸಿಲಿಂಡರಿನ ಸುತ್ತ ಒಮ್ಮೆ ಹಾಯಿಸಿ, ಬಿಸಿಯಾದದ್ದನ್ನು ಹೊಗೆಯ ಜೊತೆ ಹೊರಗೆ ಬಿಡುತ್ತದೆ. ಒಳಗೆ ದಾಸ್ತಾನು ಎಂಬುದಿಲ್ಲ. ನೀರು ನಿಂತ ಕ್ಷಣದಿಂದ ಎಂಜಿನ್ ಕಾಯತೊಡಗುತ್ತದೆ.

ನೀರು ಮೇಲೆತ್ತುವ ಪಂಪು ಎಂಥ ಘನವಾದ ಯಂತ್ರವಿರಬಹುದು ಎಂದುಕೊಂಡಿದ್ದ ನನಗೆ ಬಿಚ್ಚಿದಾಗ ನಿರಾಸೆಯೇ ಆಯಿತು. ಅಂಗೈ ಮೇಲೆ ಕೂರುವ ರಬ್ಬರ್ ಚಕ್ರ, ಸುತ್ತ ಕೆಲವು ಎಸಳು. ಇಂಪೆಲ್ಲರ್ ಎನ್ನುತ್ತಾರೆ. ಎಂಜಿನ್ನಿನಿಂದ ಗೇರಿಗೆ ಇಳಿಯುವ ಶಾಫ್ಟೇ ಇದರ ನಡುವಿನಿಂದ ಹಾಯುತ್ತದೆ. ಒಂದು ಚಿಕ್ಕ ಲೋಹದ ಕೀಲಿ ಇದನ್ನು ಶಾಫ್ಟಿಗೆ ಹಿಡಿದಿಡುತ್ತದೆ. ಚಕ್ರ ಕೂರುವ ಬಟ್ಟಲಿನ ನಡುವಿಗೆ ಶಾಫ್ಟು ಇರುವುದಿಲ್ಲ, ಬೇಕೆಂದೇ ಒಂದು ಪಕ್ಕಕ್ಕೆ ಸರಿಸಿರುತ್ತಾರೆ. ಹಾಗಾಗಿ ತಿರುಗುವಾಗ ಎಸಳು ಒಂದು ಕಡೆ ಮಡಚಿ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ನೀರು ಒಳಗೆ, ಮಡಚುವಾಗ ಮೇಲಕ್ಕೆ. ವೇಗ ಹೆಚ್ಚಾದಾಗ ಎಸಳುಗಳು ಗೋಡೆಗೆ ಪೂರ್ತಿ ತಾಗದೆ ನೀರನ್ನು ಬೀಸಿ ಎಸೆಯುತ್ತವೆ. ಒಂದೇ ರಬ್ಬರು, ನಿಧಾನಕ್ಕೊಂದು ರೀತಿ, ವೇಗಕ್ಕೊಂದು ರೀತಿ. ಇದನ್ನು ಮೊದಲು ಯೋಚಿಸಿದವರ ಬಗ್ಗೆ ನನಗೆ ಬಹಳ ಗೌರವ ಹುಟ್ಟಿತು.

ಈ ರಬ್ಬರಿಗೆ ನೀರೇ ಕೀಲೆಣ್ಣೆ. ನೀರಿಲ್ಲದೆ ಒಂದು ನಿಮಿಷ ಓಡಿಸಿದರೂ ಸಾಕು, ಎಸಳ ತುದಿ ಸುಟ್ಟು ಹೋಗಬಹುದು. ದಡದಲ್ಲಿ ನಿಲ್ಲಿಸಿ "ಚಾಲೂ ಆಗುತ್ತದೋ ನೋಡುವ" ಎಂದು ಹಗ್ಗ ಎಳೆಯುವವರು ಮಾಡುವ ಹಾನಿ ಅವತ್ತು ಕಾಣುವುದಿಲ್ಲ. ಅಳಿವೆಯ ಮರಳು ಎಸಳನ್ನೂ ಬಟ್ಟಲಿನ ಒಳಗೋಡೆಯನ್ನೂ ಉಜ್ಜಿ ಗೀರು ಹಾಕುತ್ತದೆ. ಇನ್ನು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಎಂಜಿನ್ನಿನಲ್ಲಿ ಮಡಚಿದ ಎಸಳು ಮಡಚಿದ ಹಾಗೇ ಗಟ್ಟಿಯಾಗಿ ಕೂರುತ್ತದೆ. ಓಡಿದರೂ ಸವೆಯುತ್ತದೆ, ಸುಮ್ಮನಿದ್ದರೂ ಕೆಡುತ್ತದೆ. ಅದಕ್ಕೇ ಇಂಪೆಲ್ಲರನ್ನು ಕೆಟ್ಟ ಮೇಲೆ ಬದಲಿಸುವುದು ಲೆಕ್ಕವಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಬದಲಿಸಿಬಿಡಬೇಕು.

ಕುಂದಾಪುರದ ಎಂಜಿನ್ನಿನ ದೂರು ಹೀಗಿತ್ತು: ನಿಧಾನಕ್ಕೆ ಹೋದರೆ ತೊಂದರೆಯಿಲ್ಲ, ಹಿಂದೆ ನೀರೂ ಬರುತ್ತದೆ. ಪೂರ್ತಿ ವೇಗ ಕೊಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾದು ಬಣ್ಣ ಸುಟ್ಟ ವಾಸನೆ ಬರುತ್ತದೆ. ಇಂಪೆಲ್ಲರ್ ಹೊಸದು. ಥರ್ಮೋಸ್ಟಾಟನ್ನು ಯಾರೋ ಕಿತ್ತೇ ಹಾಕಿದ್ದರು.

ಮೊದಲ ಎರಡು ವಿವರಗಳಲ್ಲೇ ಅರ್ಧ ದಾರಿ ಸವೆದಿತ್ತು. ನಿಧಾನಕ್ಕೆ ಓಡುವಾಗ ಕಾಯ್ದು, ವೇಗದಲ್ಲಿ ತಣ್ಣಗಾದರೆ ಪಂಪಿನ ಮೇಲೆ ಅನುಮಾನ: ಎಸಳು ಸವೆದು ಕಡಿಮೆ ವೇಗದಲ್ಲಿ ನೀರೆತ್ತಲಾರದೆ ಇರಬಹುದು. ವೇಗದಲ್ಲಿ ಮಾತ್ರ ಕಾಯ್ದರೆ ದಾರಿಯಲ್ಲಿ ಅಡ್ಡಿಯಿದೆಯೇ ಎಂದು ನೋಡಬೇಕು: ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯೇ, ಒಳಗಿನ ಕಾಲುವೆಯಲ್ಲಿ ಉಪ್ಪು ಕಟ್ಟಿದೆಯೇ, ಎಂಜಿನ್ ತೀರಾ ಎತ್ತರದಲ್ಲಿ ಕೂತು ನೀರಿನ ಜೊತೆ ಗಾಳಿಯನ್ನೂ ಹೀರುತ್ತಿದೆಯೇ. ಇದು ನೂರಕ್ಕೆ ನೂರು ಸರಿಹೋಗುವ ಸೂತ್ರವಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ.

ಹಿಂದೆ ಚಿಮ್ಮುವ ನೀರಿನ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಬಹಳಷ್ಟು ಎಂಜಿನ್‌ಗಳಲ್ಲಿ ಆ ಧಾರೆಯನ್ನು ಪಂಪಿನಿಂದ ಮೇಲೆ ಬಂದ ನೀರಿನಿಂದಲೇ, ಸಿಲಿಂಡರಿನ ಸುತ್ತ ಪೂರ್ತಿ ಹರಿಯುವ ಮೊದಲೇ, ಕವಲೊಡೆಸಿರುತ್ತಾರೆ. ಧಾರೆ ಬಂದರೆ ಪಂಪು ಓಡುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಸಿಲಿಂಡರಿನ ತಲೆಯವರೆಗೆ ನೀರು ತಲುಪಿದೆ ಎಂದು ನಂಬುವಂತಿಲ್ಲ. ಉಲ್ಟಾ ಕೂಡ ನಿಜ. ಎಷ್ಟೋ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ, ತೂತಿಗೆ ಮರಳೋ ಹುಳದ ಗೂಡೋ ಕಟ್ಟಿಕೊಂಡು ಧಾರೆ ನಿಂತಿರುತ್ತದೆ. ಒಂದು ಮೆದು ತಂತಿ ಹಾಕಿ ಆಡಿಸಿದರೆ ಕೆಲಸ ಮುಗಿಯಿತು. ಯಾವುದನ್ನೂ ಬಿಚ್ಚುವ ಮೊದಲು ಇದನ್ನು ಮಾಡಬೇಕು. ಬಿಟ್ಟಿ ರಿಪೇರಿ ಅಂದರೆ ಇದೊಂದೇ.

ನಮ್ಮ ಮೆಕ್ಯಾನಿಕ್ ಬೈಕಿನ ರೂಢಿಯಂತೆ ಮೊದಲು ಕಾರ್ಬ್ಯುರೇಟರ್ ತೆಗೆದರು. ಅದೂ ತಪ್ಪಲ್ಲ. ಜೆಟ್ ಕಟ್ಟಿಕೊಂಡು ಗಾಳಿಗೆ ತಕ್ಕ ಇಂಧನ ಹೋಗದಿದ್ದರೆ, ಅಥವಾ ಅದಕ್ಕೆ ಆಯಿಲ್ ಕಡಿಮೆ ಬೆರೆಸಿದ್ದರೆ, ನೀರು ಎಷ್ಟು ಬಂದರೂ ಪಿಸ್ಟನ್ ಕಾಯುತ್ತದೆ. ಜೆಟ್ ಸ್ವಚ್ಛವಾಗಿತ್ತು. ಕಾಲು ಇಳಿಸಿ ಪಂಪು ನೋಡಿದರು. ಇಂಪೆಲ್ಲರ್ ನಿಜಕ್ಕೂ ಹೊಸದೇ, ಕೀಲಿಯೂ ಸರಿ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ: "ಹಳೇದು ಹೆಂಗಿತ್ತು? ಎಸಳು ಪೂರ್ತಿ ಇದ್ವಾ?"

ಊರಿಗೆ ಫೋನು ಹೋಯಿತು. ಹಳೆಯ ಚಕ್ರದಲ್ಲಿ ಒಂದು ಎಸಳು ಮುರಿದಿತ್ತಂತೆ. ಚೂರು? ಎಲ್ಲೋ ಹೋಗಿರಬೇಕು ಎಂದರು.

ಹೋಗಲು ಒಂದೇ ದಾರಿ, ನೀರು ಹೋಗುವ ದಾರಿ. ಸಿಲಿಂಡರ್ ಹೆಡ್ಡಿನ ಮುಚ್ಚಳ ತೆರೆದಾಗ ನೀರಿನ ಕಾಲುವೆಯ ಒಂದು ತಿರುವಿನಲ್ಲಿ ಆ ಕಪ್ಪು ರಬ್ಬರು ಕೂತಿತ್ತು, ಅದರ ಸುತ್ತ ಉಪ್ಪು ಕಟ್ಟಿ ಕಲ್ಲಾಗಿತ್ತು. ನಿಧಾನಕ್ಕೆ ಓಡುವಾಗ ಸಂದಿಯಲ್ಲಿ ನುಸುಳುವ ನೀರೇ ಸಾಕಾಗುತ್ತಿತ್ತು. ವೇಗದಲ್ಲಿ ಸಾಲುತ್ತಿರಲಿಲ್ಲ. ಹಿಂದಿನ ಧಾರೆ ಕವಲೊಡೆಯುವುದು ಇದಕ್ಕಿಂತ ಮೊದಲೇ ಆದ್ದರಿಂದ ಅಲ್ಲಿ ಮಾತ್ರ ಎಲ್ಲ ಚೆಂದ. ಇಂಪೆಲ್ಲರ್ ಬದಲಿಸುವವರು ಹಳೆಯದರ ಎಸಳನ್ನು ಎಣಿಸಲೇಬೇಕು. ಒಂದು ಕಡಿಮೆಯಿದ್ದರೆ ಕೆಲಸ ಮುಗಿದಿಲ್ಲ.

ಮರುಜೋಡಣೆಯಲ್ಲೂ ಎರಡು ಕಡೆ ಎಡವುತ್ತಾರೆ. ಹೊಸ ಚಕ್ರಕ್ಕೆ ಸೋಪಿನ ನೀರು ಸವರಿ, ಶಾಫ್ಟು ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತಾ ಒಳಗೆ ತಳ್ಳಬೇಕು. ಇಲ್ಲದಿದ್ದರೆ ಎಸಳು ಉಲ್ಟಾ ಮಡಚುತ್ತದೆ. ಕಾಲನ್ನು ಮೇಲಕ್ಕೆ ಸೇರಿಸುವಾಗ ನೀರಿನ ಕೊಳವೆ ಪಂಪಿನ ಬಾಯೊಳಗೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಅದು ಪಕ್ಕಕ್ಕೆ ಸರಿದಿದ್ದರೆ ಪಂಪು ಎತ್ತಿದ ನೀರು ಕಾಲಿನೊಳಗೇ ಚೆಲ್ಲುತ್ತದೆ. "ರಿಪೇರಿ ಆದ ಮೇಲೇ ಜಾಸ್ತಿ ಕಾಯ್ತಿದೆ" ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಥರ್ಮೋಸ್ಟಾಟಿನ ವಿಷಯಕ್ಕೆ ಬಂದರೆ ನನಗೆ ಜಗಳವಾಡಬೇಕೆನಿಸುತ್ತದೆ. ಎಂಜಿನ್ ಕಾದರೆ ಮೊದಲು ಅದನ್ನೇ ಕಿತ್ತೆಸೆಯುವ ಅಭ್ಯಾಸ ಬಹಳ ಕಡೆ ಇದೆ. ಒಳಗೆ ಮೇಣವಿರುವ ಪುಟ್ಟ ಬಾಗಿಲದು. ನೀರು ನಿಗದಿತ ಬಿಸಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಕಾರುಗಳಲ್ಲಿ ಇದು 80 ಡಿಗ್ರಿ ಸೆಲ್ಸಿಯಸ್ ಮೇಲೆ ತೆರೆದರೆ, ಕಡಲಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 50-60ರ ಸುಮಾರಿಗೆ. ಉಪ್ಪುನೀರು ಅದಕ್ಕಿಂತ ಹೆಚ್ಚು ಕಾದಷ್ಟೂ ಅದರೊಳಗಿನ ಲವಣಗಳು ಬೇಗ ಬೇಗ ಗೋಡೆಗೆ ಕಟ್ಟಿಕೊಳ್ಳುತ್ತವೆ. ಹಾಗೆಂದು ಬಾಗಿಲನ್ನೇ ಕಿತ್ತರೆ ಎಂಜಿನ್ ಸದಾ ತಣ್ಣಗಿರುತ್ತದೆ. ಪೆಟ್ರೋಲಿಗೇ ಅದು ಒಳ್ಳೆಯದಲ್ಲ, ಸೀಮೆಎಣ್ಣೆಗಂತೂ ಇನ್ನೂ ಕೆಟ್ಟದ್ದು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೇ ಈ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರ್ ತುಂಬಿಸಿಡುತ್ತಾರೆ. ತಣ್ಣನೆಯ ಎಂಜಿನ್ನಿನಲ್ಲಿ ಸೀಮೆಎಣ್ಣೆ ಅರೆಬರೆ ಸುಟ್ಟು ಮಸಿಯಾಗುತ್ತದೆ. ಮಸಿ ಪ್ಲಗ್ಗಿಗೆ, ಪಿಸ್ಟನ್ ರಿಂಗಿಗೆ, ಹೊಗೆ ಹೋಗುವ ಬಾಯಿಗೆ ಹಿಡಿಯುತ್ತದೆ. ಹೊಗೆ ಸರಾಗವಾಗಿ ಹೋಗದ ಎಂಜಿನ್ ಕೊನೆಗೆ ಕಾಯುವುದೇ. ತಂಪು ಮಾಡಲು ಹೋಗಿ ಬಿಸಿ ತಂದುಕೊಂಡ ಹಾಗಾಯಿತು.

ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಪಾತ್ರೆ ನೀರು, ಒಲೆ, ಥರ್ಮಾಮೀಟರ್ ಸಾಕು. ದಾರ ಕಟ್ಟಿ ಇಳಿಬಿಟ್ಟು ನೀರು ಕಾಯಿಸಿ. ಅದರ ಮೇಲೆ ಒತ್ತಿರುವ ಅಂಕಿಯ ಆಸುಪಾಸು ಬಾಯಿ ತೆರೆದರೆ ಒಳ್ಳೆಯದು. ತೆರೆಯದಿದ್ದರೆ ಹೊಸದು ಹಾಕಿ, ಜಾಗ ಖಾಲಿ ಬಿಡಬೇಡಿ.

ಇನ್ನು ಉಪ್ಪು. ಬೆಂಗಳೂರಿನ ಬೋರ್‌ವೆಲ್ ನೀರು ಕುಡಿದ ಗೀಸರ್ ಕಾಯಿಲನ್ನು ಬಿಚ್ಚಿ ನೋಡಿದವರಿಗೆ ಬಿಳಿ ಪದರ ಅಂದರೆ ಏನೆಂದು ಗೊತ್ತು. ಕಡಲಿನ ಎಂಜಿನ್ನಿನ ಹೊಟ್ಟೆಯೊಳಗೂ ಅಂಥದೇ ಕಟ್ಟುತ್ತದೆ, ಇನ್ನೂ ಬೇಗ. ಪದರ ಶಾಖವನ್ನು ದಾಟಲು ಬಿಡುವುದಿಲ್ಲ, ದಾರಿಯನ್ನೂ ಕಿರಿದು ಮಾಡುತ್ತದೆ. ಮದ್ದು ಎಲ್ಲರಿಗೂ ಗೊತ್ತಿರುವುದೇ: ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಓಡಿಸುವುದು. ಗೊತ್ತಿದ್ದೂ ಮಾಡದಿರುವುದಕ್ಕೆ ಸೋಮಾರಿತನ ಕಾರಣವೆಂದು ಇಲ್ಲಿ ಕೂತು ಹೇಳುವುದು ಸುಲಭ. ರಾತ್ರಿಯೆಲ್ಲ ಬಲೆ ಎಳೆದು ಬಂದವರು ಮೀನು ಇಳಿಸಿ, ಬಲೆ ಬಿಡಿಸಿ, ಆಮೇಲೆ ಎಂಜಿನ್ ಹೊತ್ತುಕೊಂಡು ಸಿಹಿನೀರು ಹುಡುಕಿ ಹೋಗಬೇಕು. ದೋಣಿ ಎಳೆಯುವ ದಡದಲ್ಲೇ ನಲ್ಲಿ ಇದ್ದರೆ ಮಾತು ಬೇರೆ.

ನಂದಿನಿ ಲೇಔಟಿನಲ್ಲಿ ಪರೀಕ್ಷೆ ನಡೆದದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಫ್ಯಾನ್ ಕಳಚಿ, ಜಾಲರಿ ಪೂರ್ತಿ ಮುಳುಗುವಷ್ಟು ನೀರು ತುಂಬಿಸಿ ಹಗ್ಗ ಎಳೆದರು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಸೀಮೆಎಣ್ಣೆ ಹೊಗೆಗೆ ಯಾರಾದರೂ ಮುಚ್ಚಿಕೊಳ್ಳುವವರೇ. ನೀರು ಬಂತು, ಕೈಗೆ ಬೆಚ್ಚಗಿತ್ತು. ಆದರೆ ಡ್ರಮ್ಮಿನಲ್ಲಿ ಎಂಜಿನ್ನಿಗೆ ಭಾರ ಬೀಳುವುದಿಲ್ಲ. ಪೂರ್ತಿ ವೇಗದಲ್ಲಿ ಮಾತ್ರ ಬರುವ ಕಾಯಿಲೆ ವಾಸಿಯಾಯಿತೋ ಇಲ್ಲವೋ ಎಂಬುದು ದೋಣಿಗೆ ಕಟ್ಟಿದ ಮೇಲೆಯೇ ತಿಳಿಯಬೇಕು. ಎಂಜಿನ್ ಬಸ್ಸಿನ ಡಿಕ್ಕಿಯಲ್ಲಿ ಊರಿಗೆ ಹೋಯಿತು. ಆ ಮಳೆಗಾಲ ಕೈಕೊಡಲಿಲ್ಲ ಎಂದು ಹೋಟೆಲಿನವರು ಹೇಳಿದರು.

ಕಡಲಿನ ನಡುವೆ ಕಾದಾಗ ಏನು ಮಾಡಬೇಕು? ದೊಡ್ಡ ಎಂಜಿನ್‌ಗಳಲ್ಲಿ ಗಂಟೆ ಹೊಡೆಯುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಸಣ್ಣ ಟೂ ಸ್ಟ್ರೋಕ್‌ಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವಿಲ್ಲ. ಧಾರೆ ಕಡಿದದ್ದು, ನೀರಿನ ಬದಲು ಹಬೆ ಬಂದದ್ದು, ಬಣ್ಣದ ವಾಸನೆ, ವೇಗ ತಾನೇ ಕುಗ್ಗಿದ್ದು, ಇವೇ ಸೂಚನೆ. ಅಲೆ ಒಡೆಯುವ ಜಾಗದಲ್ಲಿ ಇಲ್ಲವೆಂದಾದರೆ ಕೂಡಲೇ ನಿಲ್ಲಿಸಿ, ಎತ್ತಿ, ಜಾಲರಿ ನೋಡಬೇಕು. ಎಷ್ಟೋ ಸಲ ಅಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ ಅಂಟಿರುತ್ತದೆ. ಕಾದ ಅಲ್ಯೂಮಿನಿಯಂ ಮೇಲೆ ತಣ್ಣೀರು ಸುರಿಯುವುದು ಬೇಡ, ಸೊಟ್ಟಗಾಗಬಹುದು, ಬಿರಿಯಲೂಬಹುದು. ತಾನಾಗಿ ಆರಲಿ. ಆರಿದ ಮೇಲೆ ಹಗ್ಗ ಸಲೀಸಾಗಿ ಬಂದರೆ ನಿಧಾನಕ್ಕೆ ದಡಕ್ಕೆ ತರಬಹುದು. ಹಗ್ಗ ಅಲುಗಲೇ ಇಲ್ಲವೆಂದರೆ ಪಿಸ್ಟನ್ ಹಿಡಿದುಕೊಂಡಿದೆ. ಬಲ ಹಾಕಿ ಎಳೆಯಬೇಡಿ, ಹುಟ್ಟು ತೆಗೆಯಿರಿ.

ಇದೆಲ್ಲ ಕರಾವಳಿಯ ಪಾಡು ಎಂದು ಬೆಂಗಳೂರಿನವರು ಪುಟ ತಿರುಗಿಸುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಹೊರತಂದದ್ದು ಟ್ರ್ಯಾಕ್ಟರು ಮತ್ತು ಬೋಟು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೂ ಬೋಟು ಬಂತು. ನಗರದ ನೆರೆಯಲ್ಲಿ ಎಂಜಿನ್ ಇಳಿಸುವುದೆಂದರೆ ಅದಕ್ಕಿಂತ ಕೆಟ್ಟ ನೀರು ಸಿಗಲಾರದು: ಚರಂಡಿಯ ಹೂಳು, ಹಾಲಿನ ಕವರು, ಬಟ್ಟೆ, ಕೆರೆಯ ಕಡೆಯಾದರೆ ಅಂತರಗಂಗೆಯ ಬೇರು. ಜೊತೆಗೆ ಆ ಎಂಜಿನ್‌ಗಳ ಸ್ವಭಾವವೇ ಹಾಗೆ, ವರ್ಷದ ಬಹುಭಾಗ ಗೋದಾಮಿನಲ್ಲಿ ನಿಂತಿರುವುದು. ಸುಮ್ಮನಿದ್ದರೂ ಕೆಡುವ ರಬ್ಬರು ಅವುಗಳ ಹೊಟ್ಟೆಯಲ್ಲೂ ಇದೆ.

ಆದ್ದರಿಂದ ಎರಡು ಕೋರಿಕೆ. ನೆರೆಗೆಂದು ಬೋಟು ಇಟ್ಟುಕೊಂಡಿರುವ ಯಾವುದೇ ಇಲಾಖೆ, ಸಂಘ, ಬಡಾವಣೆಯವರು ಮೇ ತಿಂಗಳಲ್ಲಿ ಎಂಜಿನ್ನಿಗೆ ಹೊಸ ಇಂಪೆಲ್ಲರ್ ಹಾಕಿಸಿ, ಒಮ್ಮೆ ಕೆರೆಗೆ ಇಳಿಸಿ ಪೂರ್ತಿ ವೇಗದಲ್ಲಿ ಓಡಿಸಿ ನೋಡಲಿ. ಬೋಟಿನಲ್ಲಿ ಇನ್ನೊಂದು ಇಂಪೆಲ್ಲರ್, ಒಂದು ತಂತಿ, ಒಂದು ಸ್ಪಾನರ್, ಎರಡು ಹುಟ್ಟು ಇರಲಿ. ಕರಾವಳಿಯ ಪಂಚಾಯಿತಿಗಳು ನಾಡದೋಣಿ ಎಳೆಯುವ ಪ್ರತಿ ದಡದಲ್ಲೂ ಒಂದು ಸಿಹಿನೀರಿನ ನಲ್ಲಿ ಮತ್ತು ಎಂಜಿನ್ ಇಳಿಸಲು ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿಕೊಡಲಿ. ದೊಡ್ಡ ಜೆಟ್ಟಿಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ, ಕೇಳಿದರೆ ಮಾತ್ರ ಬರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ.